ಗೆದ್ದಲು ನಿವಾರಕ ಸಸ್ಯಸಾರಗಳು

ಬೆಳೆ, ಮರಮುಟ್ಟು ಹಾಗೂ ಕಟ್ಟಡಗಳನ್ನು ಗೆದ್ದಲಿನಿಂದ ಕಾಪಾಡಲು ಬಳಸುವ, ಗಿಡಮರಗಳ ಬೀಜ, ಎಲೆ, ತೊಗಟೆ, ಬೇರುಗಳಿಂದ ಪಡೆದ ಎಣ್ಣೆ, ಕಷಾಯ ಮತ್ತು ಹಿಂಡಿಗಳನ್ನು ಒಟ್ಟಾಗಿ ಹೀಗೆ ಕರೆಯಲಾಗುತ್ತದೆ. ಒರಲೆ ಎಂಬ ಹೆಸರೂ ಉಳ್ಳ ಗೆದ್ದಲಿನ ಪೈಕಿ ಕರ್ನಾಟಕದ ಹೊಲತೋಟಗಳನ್ನು ಹೆಚ್ಚಾಗಿ ಕಾಡುವುದು ಒಡಾಂಟೋಟರ್ಮಿಸ್ ಕುಲದ ಪ್ರಭೇದಗಳು. ಇವು ಒಣಗಿದ ಎಲೆ, ಕಡ್ಡಿ, ಬೇರುಗಳನ್ನು ಕೊರೆದು ಹುತ್ತಕ್ಕೆ ಸಾಗಿಸಿ, ಅದರಿಂದ ಸ್ಪಂಜಿನಂಥ ಗೂಡು ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ಮಲೆನಾಡಿನವರು ಆಸೆಪಟ್ಟು ಹುಡುಕುವ ಅಣಬೆ ಇದೇ ಶಿಲೀಂಧ್ರದ್ದು.

ಹಿಂದೆ ಗೆದ್ದಲಿಗೆ ಸುರಿಯುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು ಪ್ರಾಣಿಗಳ ಕೊಬ್ಬಿನಲ್ಲಿ ಶೇಖರವಾಗುವುದರಿಂದ, 2001ರ ಸ್ಟಾಕ್‌ಹೋಮ್ ಒಪ್ಪಂದವು ಅವನ್ನು ಕೈಬಿಡಬೇಕಾದ ರಾಸಾಯನಿಕಗಳ ಮೊದಲ ಪಟ್ಟಿಗೇ ಸೇರಿಸಿತು. ಸಸ್ಯಸಾರಗಳತ್ತ ಗಮನ ಹೆಚ್ಚಲು ಇದೂ ಒಂದು ಕಾರಣ.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದದ್ದು ಬೇವು. ಅದರ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ಸಂಯುಕ್ತವನ್ನು ಬಟರ್‌ವರ್ತ್ ಮತ್ತು ಮಾರ್ಗನ್ 1968ರಲ್ಲಿ ಬೇರ್ಪಡಿಸಿದರು. ಅದರ ಅಣುರಚನೆ ಎಷ್ಟು ತೊಡಕಿನದೆಂದರೆ ಪ್ರಯೋಗಾಲಯದಲ್ಲಿ ಅದನ್ನು ಪೂರ್ಣವಾಗಿ ಸಂಶ್ಲೇಷಿಸಲು ಸಾಧ್ಯವಾದದ್ದು 2007ರಲ್ಲಿ, ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ. ಈ ವಸ್ತು ಕೀಟಕ್ಕೆ ಮೇವು ರುಚಿಸದಂತೆ ಮಾಡುವುದಲ್ಲದೆ, ಪೊರೆ ಕಳಚಿ ಬೆಳೆಯಲು ಬೇಕಾದ ಹಾರ್ಮೋನಿನ ವ್ಯವಸ್ಥೆಯನ್ನೂ ಕೆಡಿಸುತ್ತದೆ. ರೈತರು ಸಾಮಾನ್ಯವಾಗಿ 5 ಕಿಲೋ ಬೇವಿನ ಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹಾಲಿನಂಥ ರಸ ಇಳಿಯುವುದು ನಿಲ್ಲುವವರೆಗೆ ಹಿಂಡಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಬೆರೆಸಿ, ಅಂಟಲೆಂದು ಸ್ವಲ್ಪ ಸಾಬೂನು ಕರಗಿಸುತ್ತಾರೆ. ಗೆದ್ದಲಿಗಾದರೆ ಇದನ್ನು ಎಲೆಗೆ ಸಿಂಪಡಿಸದೆ ಬುಡದ ಮಣ್ಣು ತೊಯ್ಯುವಂತೆ ಸುರಿಯಬೇಕು. ಬಿಸಿಲಿಗೆ ಬೇಗ ಶಿಥಿಲವಾಗುವ ಅಜಾಡಿರಾಕ್ಟಿನ್‌ಗೆ ಮಣ್ಣಿನೊಳಗೆ ನೆರಳೇನೋ ಸಿಗುತ್ತದೆ, ಆದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ.

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪುಕಂದು ಎಣ್ಣೆಯದು ಬೇರೆಯದೇ ಬಗೆ. ಅನಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳಿಂದ ಕೂಡಿದ ಇದನ್ನು ಮರದ ದೋಣಿಗಳಿಗೂ ಮರಮುಟ್ಟಿಗೂ ಬಳಿಯುವ ರೂಢಿಯಿದ್ದು, ಬರಿಗೈಗೆ ತಗುಲಿದರೆ ಬೊಬ್ಬೆ ಏಳುತ್ತದೆ. ಸಸ್ಯಮೂಲದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆಗೆ ಇಷ್ಟೇ ಉತ್ತರ ಸಾಕು. ಹೊಂಗೆಯ ಎಣ್ಣೆ, ಹಿಂಡಿಗಳೂ ಬಳಕೆಯಲ್ಲಿವೆ. ಲಾವಂಚದ ಬೇರಿನ ಎಣ್ಣೆಯಲ್ಲಿರುವ ನೂಟ್‌ಕಟೋನ್ ಗೆದ್ದಲನ್ನು ದೂರವಿಡುತ್ತದೆಂದು ಅಮೆರಿಕದ ಲೂಸಿಯಾನಾದಲ್ಲಿ ನಡೆದ ಸಂಶೋಧನೆ ತೋರಿಸಿದೆ. ಇನ್ನು ತೇಗದ ಚೇಗು ಗೆದ್ದಲನ್ನು ತಡೆಯುವುದಕ್ಕೆ ಅದರಲ್ಲೇ ಇರುವ ಟೆಕ್ಟೋಕ್ವಿನೋನ್ ಒಂದು ಕಾರಣ.

ಸಸ್ಯಸಾರಗಳ ಮಿತಿ ಗೆದ್ದಲಿನ ಸಂಘಜೀವನದಲ್ಲೇ ಇದೆ. ಹುತ್ತದಾಳದ ರಾಣಿ ತಾನಾಗಿ ಮೇವು ಹುಡುಕದೆ ಕೆಲಸಗಾರ ಹುಳುಗಳು ಬಾಯಿಂದ ಬಾಯಿಗೆ ಕೊಡುವ ಆಹಾರದಿಂದಲೇ ಬದುಕುವುದರಿಂದ, ವಾಸನೆಯಿಂದಲೋ ಕಹಿಯಿಂದಲೋ ಕೆಲಸಗಾರರನ್ನು ಹಿಮ್ಮೆಟ್ಟಿಸುವ ಸಾರವು ಅವಳವರೆಗೆ ತಲುಪುವುದೇ ಅಪರೂಪ. ಹುಳುಗಳು ತೊಯ್ದ ನೆಲವನ್ನು ಬಿಟ್ಟು ಪಕ್ಕದಲ್ಲಿ ಹೊಸ ಮಣ್ಣಿನ ಸುರಂಗ ಕಟ್ಟಿಕೊಳ್ಳಬಹುದು. ಆದ್ದರಿಂದ ಹುತ್ತವನ್ನು ನಿರ್ಮೂಲ ಮಾಡುವ ಔಷಧವೆಂದು ಇವನ್ನು ಮಾರುವುದು ಅತಿಶಯೋಕ್ತಿ. ಕಬ್ಬಿನ ಬಿತ್ತನೆ ತುಂಡು, ಎಳೆಯ ತೆಂಗಿನ ಸಸಿಗಳನ್ನು ಬೇರೂರುವವರೆಗೆ ಕಾಯುವುದು ಇವುಗಳಿಗೆ ತಕ್ಕ ಕೆಲಸ. ಅಲ್ಲಿಯೂ ಗೆದ್ದಲನ್ನು ಕರೆತರುವ ಕಳಿಯದ ಕೊಟ್ಟಿಗೆ ಗೊಬ್ಬರವನ್ನು ಗುಂಡಿಗೆ ಹಾಕಬಾರದು, ದೊಡ್ಡ ಮಳೆಯಾದರೆ ಕಷಾಯವನ್ನು ಮತ್ತೆ ಸುರಿಯಬೇಕು.