ಮಾಂತ್ರಿಕನ ನಾಲಗೆ

ಉರ್ದುವಿನ ದಾಸ್ತಾನುಗಳನ್ನು, ಎಂದರೆ ಹಿಂದೆ ರಾತ್ರಿಗಟ್ಟಲೆ ಹೇಳಿ ಕೇಳುತ್ತಿದ್ದ ಅದ್ಭುತಕಥೆಗಳನ್ನು, ಓದತೊಡಗಿದವನಿಗೆ ಒಂದು ಸಂದೇಹವು ಬೇಗನೆ ಹುಟ್ಟುತ್ತದೆ. ಎಲ್ಲವನ್ನೂ ಮಾಡಬಲ್ಲ ಮಾಂತ್ರಿಕನು ಮಂತ್ರವನ್ನೇ ಅರಿಯದವನ ಕೈಯಲ್ಲಿ ಸಾಯುವುದು ಹೇಗೆ? ಲಖನೌದ ನವಲಕಿಶೋರ ಮುದ್ರಣಾಲಯವು 1883ರಿಂದ ಪ್ರಕಟಿಸಿದ ‘ತಿಲಿಸ್ಮೆ ಹೋಶ್‌ರುಬಾ’ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ನಾಲ್ಕು ಸಂಪುಟಗಳು ಮಹಮ್ಮದ್ ಹುಸೇನ್ ಜಾಹರವು. ಉಳಿದವನ್ನು ಮುಗಿಸಿದವರು ಅಹಮ್ಮದ್ ಹುಸೇನ್ ಕಮರ್.

ಹೋಶ್‌ರುಬಾ ಮಾಟದಿಂದ ನಿರ್ಮಿತವಾದ ದೇಶ. ಇಂಥದಕ್ಕೆ ತಿಲಿಸ್ಮೆಂದು ಹೆಸರು. ಅದರ ಚಕ್ರವರ್ತಿ ಅಫ್ರಾಸಿಯಾಬ್. ಸಾಮರಿಯ ಗ್ರಂಥವನ್ನು ತೆರೆದರೆ ಸಾಕು, ಎಲ್ಲಿ ಏನು ನಡೆಯುತ್ತಿದೆಯೆಂಬುದು ಅವನಿಗೆ ತಿಳಿಯುತ್ತದೆ. ಆದರೂ ಅಮೀರ್ ಹಮ್ಜಾನ ಕಡೆಯ ಅಮರನು ಅವನಿಗೆ ಮೋಸಮಾಡಿ ಪಾರಾಗುತ್ತಾನೆ. ಅಮರನು ಅಯ್ಯಾರ, ವೇಷಪಲ್ಲಟದಲ್ಲಿ ನಿಪುಣನಾದ ಗೂಢಚಾರ. ಗ್ರಂಥವೇನೋ ಸುಳ್ಳು ಹೇಳುವುದಿಲ್ಲ. ದೊರೆಯು ಅದನ್ನು ತೆರೆದು ನೋಡಿರುವುದಿಲ್ಲ, ಇಲ್ಲವೆ ನೋಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಲೆಕ್ಕದ ಪುಸ್ತಕಗಳ ನಡುವೆ ಜೀವಿಸುವ ನನ್ನಂಥವನಿಗೆ ಇದು ತೀರ ಅಪರಿಚಿತವಾದ ಸ್ಥಿತಿಯಲ್ಲ.

ಇನ್ನೂ ಕುತೂಹಲಕರವಾದುದು ಮಾಂತ್ರಿಕನ ದೇಹ. ಮಂತ್ರವನ್ನು ಉಚ್ಚರಿಸಲೇಬೇಕಷ್ಟೆ, ಆದುದರಿಂದ ಸೆರೆಸಿಕ್ಕ ಮಾಂತ್ರಿಕರ ನಾಲಗೆಗೆ ಸೂಜಿ ಚುಚ್ಚುತ್ತಾರೆ. ಬೆಂಕಿಯ ಮಳೆಯನ್ನು ಸುರಿಸಬಲ್ಲವನು ಮದ್ದು ಬೆರೆಸಿದ ಮದ್ಯವನ್ನು ಗುರುತಿಸಲಾರ. ಅವನು ಸತ್ತೊಡನೆ ಕತ್ತಲೆ ಕವಿಯುತ್ತದೆ, ಸತ್ತವನ ಹೆಸರನ್ನು ಸಾರುವ ದನಿ ಕೇಳುತ್ತದೆ, ಅವನ ಮಾಟವೂ ಅಳಿಯುತ್ತದೆ. ದೇಶಕ್ಕೂ ಇಂಥ ಕಟ್ಟಳೆಯುಂಟು. ತಿಲಿಸ್ಮನ್ನು ಕಟ್ಟಿದವರೇ ಅದರ ಆಯುಸ್ಸನ್ನೂ ಅದನ್ನು ಗೆಲ್ಲತಕ್ಕವನ ಹೆಸರನ್ನೂ ಗೊತ್ತುಮಾಡಿರುತ್ತಾರೆ. ಗೆಲ್ಲುವ ಉಪಾಯವು ಒಂದು ಫಲಕದಲ್ಲಿರುತ್ತದೆ. ಮಾಟವನ್ನು ಮುರಿಯುವ ಮಹಾನಾಮವನ್ನು ಬಲ್ಲ ಹಮ್ಜಾನೇ ಬಂದು ಕೆಲಸ ಮುಗಿಸಬಾರದೇಕೆ? ಹೋಶ್‌ರುಬಾದ ಜಯವು ಬರೆದಿರುವುದು ಅವನ ಮೊಮ್ಮಗ ಅಸದನ ಹೆಸರಿಗೆ.

ಇವೆಲ್ಲ ಕಥೆಯನ್ನು ಬೆಳೆಸುವ ಯುಕ್ತಿಗಳೆಂದು ನಾನೂ ಮೊದಲು ಎಣಿಸಿದ್ದೆ. ಆ ಮಾತು ಭಾಗಶಃ ನಿಜ. ಹಮ್ಜಾ ಕಥಾಚಕ್ರವು 46 ಸಂಪುಟಗಳಿಗೆ ಬೆಳೆದದ್ದು ಸುಮ್ಮನೆಯೇ? ಆದರೆ ಬೆಳೆಸುವುದಷ್ಟೇ ಗುರಿಯಾಗಿದ್ದರೆ ನಾಲಗೆಯ ಸೂಜಿ ಬೇಕಿರಲಿಲ್ಲ; ಇನ್ನೊಬ್ಬ ಮಾಂತ್ರಿಕನನ್ನು ತಂದು ನಿಲ್ಲಿಸಿದ್ದರೆ ಸಾಕಿತ್ತು. ಕೇಳಲು ಕುಳಿತವರಿಗೆ ಮಂತ್ರ ತಿಳಿಯದು. ನಾಲಗೆ, ನಿದ್ರೆ, ಬಾಯಿಚಪಲ ಎಲ್ಲರಿಗೂ ಇದ್ದವು. ಮಾಂತ್ರಿಕನ ಎಲ್ಲೆಗಲ್ಲನ್ನು ಕಥೆಗಾರನು ಅಲ್ಲಿ ನೆಟ್ಟನೆಂದೇ ನನ್ನ ಮತ.

1888ರಲ್ಲಿ ಬೆಳಕಿಗೆ ಬಂದ ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’ ಇದೇ ದಾರಿಯಲ್ಲಿ ಮುಂದಕ್ಕೆ ಹೋಯಿತು. ಚಕಿಯಾ, ನೌಗಢಗಳ ಕಾಡುಗುತ್ತಿಗೆ ಹಿಡಿದಿದ್ದ ಖತ್ರಿಯವರು ಅಲ್ಲಿನ ಪಾಳುಕೋಟೆಗಳನ್ನು ಕಂಡವರು. ಅವರ ಕಥೆಯಲ್ಲಿ ತಿಲಿಸ್ಮೂ ಅಯ್ಯಾರರೂ ಉಳಿದರು, ಮಾಂತ್ರಿಕನು ಹೋದನು. ಬಾಗಿಲುಗಳು ಯಂತ್ರದಿಂದ ತೆರೆಯುತ್ತವೆ. ಸಾಮರಿಯ ಗ್ರಂಥಕ್ಕೆ ಅಲ್ಲಿ ಸ್ಥಳವಿಲ್ಲ, ಸೂಜಿಯೂ ಬೇಕಿಲ್ಲ. ಮೂರ್ಛೆ ಬರಿಸುವ ಪುಡಿ ಮಾತ್ರ ಅಯ್ಯಾರನ ಜೋಳಿಗೆಯಲ್ಲಿ ಹಾಗೆಯೇ ಇದೆ.