ಹಡಗು ಬರುತ್ತಿದ್ದ ಕಲ್ಯಾಣ

ಕಲ್ಯಾಣ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬಸವಣ್ಣನವರ ಕಲ್ಯಾಣ. ಡೊಂಬಿವಲಿ, ಠಾಣೆ, ನವಿ ಮುಂಬಯಿಯ ನಮ್ಮಂಥವರಿಗೆ ಇನ್ನೊಂದು ಕಲ್ಯಾಣ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುವ ಕಲ್ಯಾಣ, ಊರಿಗೆ ಹೋಗುವಾಗ ಚೀಲ ಹಿಡಿದುಕೊಂಡು ಓಡುವ ಕಲ್ಯಾಣ, ಲೋಕಲ್ ತಡವಾದರೆ ಬೈಯಿಸಿಕೊಳ್ಳುವ ಕಲ್ಯಾಣ! ಊರಿನಿಂದ ನೆಂಟರು ಬಂದರೆ ನಾವು ಗೇಟ್‌ವೇ, ಜುಹು, ಸಿದ್ಧಿವಿನಾಯಕ ತೋರಿಸುತ್ತೇವೆ. "ನೀವಿರುವ ಕಡೆ ನೋಡೋಕೆ ಏನೂ ಇಲ್ವಾ?" ಎಂದರೆ, "ಇಲ್ಲೇನಿದೆ, ಬರೀ ಬಿಲ್ಡಿಂಗು" ಎಂದುಬಿಡುತ್ತೇವೆ.

ಇದೆ ಸ್ವಾಮಿ, ಬೇಕಾದಷ್ಟಿದೆ. ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಇತಿಹಾಸದ ಪಂಡಿತನಲ್ಲ. ಮೂವತ್ತು ವರ್ಷದಿಂದ ಈ ಕಡೆ ಇರುವವನು, ರಜೆ ಸಿಕ್ಕಾಗ ತಿರುಗಾಡಿದವನು, ಅಷ್ಟೆ.

ಮೊದಲು ಭೂಗೋಳ. ಕಲ್ಯಾಣ್ ಸ್ಟೇಷನ್ನಿನಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ, ನಿಜ. ಆದರೆ ಊರಿನ ಪಶ್ಚಿಮಕ್ಕೆ ಉಲ್ಹಾಸ್ ನದಿ ಖಾಡಿಯಾಗಿ ಹರಿದು ವಸಯಿಯ ಹತ್ತಿರ ಕಡಲು ಸೇರುತ್ತದೆ. ಭರತ ಬಂದರೆ ನೀರು ಇಲ್ಲಿಯ ತನಕ ಏರುತ್ತದೆ. ಬಿರುಗಾಳಿಯ ಭಯವಿಲ್ಲ, ಕಡಲ್ಗಳ್ಳರ ಕಾಟ ಕಡಿಮೆ. ಬೆನ್ನಿಗೆ ಸಹ್ಯಾದ್ರಿ. ಮುರ್ಬಾಡ್ ದಾಟಿ ಹೋದರೆ ನಾಣೇಘಾಟ್ ಎಂಬ ಕಣಿವೆ ದಾರಿ. ಸಾತವಾಹನರ ಕಾಲದಲ್ಲಿ ಜುನ್ನರ್ ಕಡೆಯಿಂದ ಎತ್ತುಗಳ ಮೇಲೆ ಸರಕು ಇಳಿಯುತ್ತಿದ್ದುದು ಆ ದಾರಿಯಲ್ಲಿ. ಅಲ್ಲಿನ ಗುಹೆಯಲ್ಲಿ ಸಾತವಾಹನ ರಾಣಿಯ ಶಾಸನವಿದೆ. ಘಟ್ಟದ ತಲೆಯಲ್ಲಿ ದೊಡ್ಡದೊಂದು ಕಲ್ಲಿನ ಹಂಡೆ ಇದೆ, ಸುಂಕದ ಕಾಸು ಹಾಕುತ್ತಿದ್ದ ಹಂಡೆ ಎನ್ನುತ್ತಾರೆ. ಘಟ್ಟದ ಸರಕು ಹಡಗಿಗೆ, ಹಡಗಿನ ಸರಕು ಘಟ್ಟಕ್ಕೆ. ನಡುವೆ ಕಲ್ಯಾಣ.

ಹೊರದೇಶದವರಿಗೂ ಈ ಊರು ಗೊತ್ತಿತ್ತು. ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ 'ಕಲ್ಲಿಯೆನ' ಎಂಬ ಹೆಸರಿದೆ. ಮೊದಲು ಇದು ಕಾಯಿದೆಬದ್ಧ ವ್ಯಾಪಾರದ ಬಂದರಾಗಿತ್ತು, ಆಮೇಲೆ ರಾಜಕೀಯ ಬದಲಾಯಿತು, ಈಗ ಇಲ್ಲಿಗೆ ಬಂದ ಗ್ರೀಕ್ ಹಡಗನ್ನು ಕಾವಲು ಹಾಕಿ ಭರೂಚಿಗೆ ಕಳಿಸುತ್ತಾರೆ ಎಂದು ಬರೆದಿದ್ದಾನೆ. ಅಂದರೆ ಒಂದು ಬಂದರನ್ನು ಮುಳುಗಿಸಲು ಯುದ್ಧವೇ ಬೇಕಿಲ್ಲ, ಗಿರಾಕಿಯನ್ನು ಎದುರಿನ ಅಂಗಡಿಗೆ ಕಳಿಸಿದರೆ ಸಾಕು! ಆದರೂ ಕಲ್ಯಾಣ ಚೇತರಿಸಿಕೊಂಡಿತು. 6ನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ವ್ಯಾಪಾರಿ ಇಲ್ಲಿಂದ ಹಿತ್ತಾಳೆ, ಮರದ ದಿಮ್ಮಿ, ಬಟ್ಟೆ ಹೋಗುತ್ತಿದ್ದುದನ್ನೂ, ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಒಬ್ಬರು ಇದ್ದುದನ್ನೂ ದಾಖಲಿಸಿದ್ದಾನೆ. ಯಾರು ಯಾರೋ ಬಂದರು, ಅದಕ್ಕೇ ಇದು ಬಂದರು.

ಇನ್ನು ನನಗೆ ತುಂಬ ಇಷ್ಟವಾದ ವಿಷಯ. ಬೋರಿವಲಿಯ ಕಾನ್ಹೇರಿ ಗುಹೆಗಳನ್ನು ಕಟ್ಟಿಸಲು ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಕಲ್ಯಾಣದವರು ಬಹಳ ಮಂದಿ ಇದ್ದಾರೆ. ರಾಜರಷ್ಟೇ ಅಲ್ಲ, ವರ್ತಕರು, ಕಮ್ಮಾರರು. ಸಾಮಿದತ್ತ ಎಂಬ ಅಕ್ಕಸಾಲಿಗ ಅಲ್ಲಿ ನೀರಿನ ತೊಟ್ಟಿ ಕೊರೆಸಿಕೊಟ್ಟಿದ್ದಾನೆ. ಕೆಲವರು 'ಅಕ್ಷಯನೀವಿ' ಇಟ್ಟಿದ್ದಾರೆ. ಅಂದರೆ ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಖರ್ಚು ಮಾಡಬೇಕು. ನಮ್ಮ ಫಿಕ್ಸೆಡ್ ಡೆಪಾಸಿಟ್ಟಿನ ಅಜ್ಜ!

ಇದರ ಪೂರ್ತಿ ಲೆಕ್ಕ ಬೇಕಾದರೆ ಕಲ್ಯಾಣದಿಂದ ರೈಲು ಹತ್ತಿ ನಾಸಿಕಕ್ಕೆ ಹೋಗಿ, ಪಾಂಡವಲೇಣಿ ಗುಹೆ ನೋಡಿ. ಕ್ಷತ್ರಪ ನಹಪಾನನ ಅಳಿಯ ಉಷವದಾತ 3000 ಕಾರ್ಷಾಪಣಗಳನ್ನು ನೇಕಾರರ ಶ್ರೇಣಿಗಳಲ್ಲಿ ಇಟ್ಟ. 2000ಕ್ಕೆ ತಿಂಗಳಿಗೆ ನೂರಕ್ಕೆ 1ರ ಬಡ್ಡಿ, 1000ಕ್ಕೆ ಮುಕ್ಕಾಲು. ಮೊದಲನೆಯದರಿಂದ ಅಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಹಣ. ಲೆಕ್ಕ ಹಾಕಿ: 2000ಕ್ಕೆ ವರ್ಷಕ್ಕೆ 12 ಪರ್ಸೆಂಟ್ ಎಂದರೆ 240. ಇಪ್ಪತ್ತು ಹನ್ನೆರಡಲಿ 240. ಪೈಸೆ ವ್ಯತ್ಯಾಸವಿಲ್ಲದೆ ಟ್ಯಾಲಿ ಆಗುತ್ತದೆ! ಅದನ್ನು ನಿಗಮಸಭೆಯಲ್ಲಿ ಸಾರಿ, ಹಲಗೆಯ ಮೇಲೆ ನಮೂದಿಸಿ ರಿಜಿಸ್ಟರ್ ಮಾಡಿಸಿದ್ದೂ ಶಾಸನದಲ್ಲಿದೆ. ಸುಮಾರು 1900 ವರ್ಷದ ಹಿಂದಿನ ಈ ಬ್ಯಾಲೆನ್ಸ್ ಶೀಟಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಕಾನ್ಹೇರಿಯಲ್ಲಿ ಕನ್ನಡಿಗರಿಗೆ ಇನ್ನೊಂದು ಆಕರ್ಷಣೆ ಇದೆ. ಶಕ 775, ಅಂದರೆ ಕ್ರಿ.ಶ. 853-54ರ ಸಂಸ್ಕೃತ ಶಾಸನದಲ್ಲಿ ಮಾನ್ಯಖೇಟದ ನಮ್ಮ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ' ಬಂದದ್ದು ಇವನ ಆಸ್ಥಾನದಿಂದಲೇ. ಅವನ ಕೈಕೆಳಗೆ ಕೊಂಕಣವನ್ನು ಆಳುತ್ತಿದ್ದವನು ಶಿಲಾಹಾರರ ಕಪರ್ದಿ. ದಾನ ಮಾಡಿದವನು ಗೌಡದೇಶ, ಅಂದರೆ ಬಂಗಾಳದಿಂದ ಬಂದ ಅವಿಘ್ನಾಕರ. ಅವನೂ 100 ದ್ರಮ್ಮಗಳ ಅಕ್ಷಯನೀವಿ ಇಟ್ಟ. ನೋಡಿ, ದೊರೆ ಕನ್ನಡನಾಡಿನವನು, ಸಾಮಂತ ಕೊಂಕಣದವನು, ದಾನಿ ಬಂಗಾಳಿ, ಶಾಸನ ಸಂಸ್ಕೃತದ್ದು.

ಇಲ್ಲೊಂದು ಮಾತು ಹೇಳಲೇಬೇಕು. "ಠಾಣೆ ಮೊದಲು ನಮ್ಮದಾಗಿತ್ತು" ಎಂದು ನಮ್ಮವರು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. "ಹೊರಗಿನವರು ನೀವು" ಎಂದು ಹೇಳುವವರೂ ಇದ್ದಾರೆ. ಶಾಸನ ಎರಡು ಮಾತನ್ನೂ ಒಪ್ಪುವುದಿಲ್ಲ. ರಾಷ್ಟ್ರಕೂಟರು ಆಳಿದರೆಂದು ಊರು ನಮ್ಮ ಆಸ್ತಿಯಾಗುವುದಿಲ್ಲ. ಹಾಗೆಯೇ, ಹೊರಗಿನವರು ಬರದೆ ಬಂದರೇ ಇರುತ್ತಿರಲಿಲ್ಲ.

ಮುಂದೆ ಠಾಣೆಯನ್ನು, ಅಂದಿನ ಶ್ರೀಸ್ಥಾನಕವನ್ನು, ಶಿಲಾಹಾರರೇ ಆಳಿದರು. ಅವರ ವಂಶಾವಳಿಯಲ್ಲಿ ಗೊಗ್ಗಿ, ವಜ್ಜಡ ಎಂಬ ಹೆಸರುಗಳಿವೆ. ಕನ್ನಡ ಕಿವಿಗೆ ಅಷ್ಟೇನೂ ದೂರದವಲ್ಲ. ಅಂಬರನಾಥದ ಶಿವಾಲಯ ಅವರದೇ ಕೊಡುಗೆ, ಶಾಸನದ ಕಾಲ 1060. ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಪಕ್ಕದಲ್ಲಿ ವಾಲಧುನಿ ಹೊಳೆ. ಕಾರ್ಖಾನೆಗಳ ಪುಣ್ಯ, ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಬೋರಿವಲಿಯ ಎಕ್ಸರ್‌ನಲ್ಲಿ ವೀರಗಲ್ಲುಗಳಿವೆ. ನಮ್ಮ ಕಡೆಯ ವೀರಗಲ್ಲಿನಲ್ಲಿ ಕುದುರೆ, ದನ ಇರುತ್ತವೆ. ಇಲ್ಲಿ ಸಾಲು ಸಾಲು ಹುಟ್ಟು ಹಾಕುವ ಯುದ್ಧದ ಹಡಗುಗಳು!

ಕಲ್ಯಾಣಕ್ಕೆ ಮರಳೋಣ. 17ನೇ ಶತಮಾನದಲ್ಲಿ ಇದು ಬಿಜಾಪುರದ ಆದಿಲಶಾಹಿಗೆ ಸೇರಿತ್ತು. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ, ಭಿವಂಡಿ ಎರಡನ್ನೂ ಗೆದ್ದರು. ಖಾಡಿಯ ದಂಡೆಯ ದುರ್ಗಾಡಿ ಕೋಟೆ ಆ ಕಾಲದ ನೆನಪು. ಪಾಯ ತೋಡುವಾಗ ನಿಧಿ ಸಿಕ್ಕಿತೆಂದೂ, ದುರ್ಗೆಯ ದಯೆ ಎಂದು ಆ ಹೆಸರಿಟ್ಟರೆಂದೂ ಜನ ಹೇಳುತ್ತಾರೆ. ಮರಾಠಾ ನೌಕಾಪಡೆಯ ಮೊದಲ ಹಡಗುಗಳು ಕಟ್ಟಲ್ಪಟ್ಟದ್ದು ಈ ಖಾಡಿಯ ಆಸುಪಾಸಿನಲ್ಲೇ.

ಹಾಗಾದರೆ ಬಂದರು ಎಲ್ಲಿ ಹೋಯಿತು? ಹಡಗುಗಳು ದೊಡ್ಡವಾದವು, ಅವಕ್ಕೆ ಆಳದ ನೀರು ಬೇಕಾಯಿತು. ಅದು ಮುಂಬಯಿಯಲ್ಲಿತ್ತು. ಖಾಡಿಯಲ್ಲಿ ಹೂಳು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಬಂತು. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತು. 1863ರಲ್ಲಿ ಬೋರ್‌ಘಾಟ್, 1865ರಲ್ಲಿ ಥಳ್‌ಘಾಟ್ ದಾಟಿ ರೈಲು ಮೇಲೇರಿತು. ನಾಣೇಘಾಟಿನ ಎತ್ತುಗಳ ಕೆಲಸವನ್ನು ಇಂಜಿನ್ನು ಮಾಡಿತು, ಸರಕು ಕಲ್ಯಾಣದಲ್ಲಿ ಇಳಿಯದೆ ಸೀದಾ ಮುಂಬಯಿಗೆ ಹೋಯಿತು. ಬಂದರು ಹೋಗಿ ಜಂಕ್ಷನ್ ಆಯಿತು. ಮುಂಬಯಿಯ ಹಡಗುಕಟ್ಟೆಯಲ್ಲೂ ಜಾಗ ಸಾಲದೆ 1989ರಲ್ಲಿ ನವಿ ಮುಂಬಯಿ ಬದಿಯ ನ್ಹಾವಾ ಶೇವಾದಲ್ಲಿ ಹೊಸ ಬಂದರು ಶುರುವಾಯಿತು. ವ್ಯಾಪಾರ ಮತ್ತೆ ಈಚೆ ದಡಕ್ಕೇ ಬಂತು!

ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ರಜೆಯಲ್ಲಿ ಊರಿನ ದೇವಸ್ಥಾನ ತೋರಿಸುತ್ತೇವೆ, ಒಳ್ಳೆಯದೇ. ಆದರೆ ಅವರು ಬೆಳೆಯುವ ಊರನ್ನು 'ಬರೀ ಬಿಲ್ಡಿಂಗು' ಎಂದು ನಾವೇ ಹೇಳಿಕೊಟ್ಟರೆ, ಅವರಿಗೆ ಆ ಊರೂ ಇಲ್ಲ, ಈ ಊರೂ ಇಲ್ಲ. ದೂರದಿಂದ ಬಂದ ಅವಿಘ್ನಾಕರ ಇಲ್ಲಿ ನೂರು ದ್ರಮ್ಮ ಬಿಟ್ಟುಹೋದ. ನಾವು ಏನು ಇಡುತ್ತೇವೆ ಎನ್ನುವುದು ನಮ್ಮ ನಮ್ಮ ಲೆಕ್ಕ.

ಮೂರು ಭಾನುವಾರ ಸಾಕು. ಒಂದರಲ್ಲಿ ಅಂಬರನಾಥ, ಸಂಜೆ ಭರತದ ಹೊತ್ತಿಗೆ ದುರ್ಗಾಡಿ. ಇನ್ನೊಂದರಲ್ಲಿ ಕಾನ್ಹೇರಿ, ಎಕ್ಸರ್. ಮೂರನೆಯದು ಚಳಿಗಾಲಕ್ಕಿರಲಿ: ಐರೋಲಿಯಿಂದ ದೋಣಿಯಲ್ಲಿ ಠಾಣೆ ಖಾಡಿಯ ಫ್ಲೆಮಿಂಗೊ ನೋಡಿ, ಅವೂ ನಮ್ಮ ಹಾಗೆ ವಲಸೆ ಬಂದವೇ. ಬುತ್ತಿ, ನೀರು ಮನೆಯಿಂದಲೇ ಒಯ್ಯಿರಿ. ಕಾನ್ಹೇರಿಗೆ ಮಾತ್ರ ಸೋಮವಾರ ಹೋಗಬೇಡಿ, ಉದ್ಯಾನಕ್ಕೆ ರಜೆ.