ಜೇಬಿನ ಪಿಸ್ತೂಲಿನ ಬೋರುಗಳು: ಒಂದು ಚಾರಿತ್ರಿಕ ನೋಟ

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠಗಳಲ್ಲಿ 1914ರ ಜೂನ್ 28ರ ಸರಯೇವೊ ಘಟನೆಯನ್ನು ನಾವು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತೇವೆ. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡನ ಹತ್ಯೆಯಾಯಿತು, ಒಂದನೆಯ ಮಹಾಯುದ್ಧಕ್ಕೆ ಅದು ತಕ್ಷಣದ ಕಾರಣವಾಯಿತು ಎಂದು ಬರೆಸಿದರೆ ಎರಡು ಅಂಕಗಳ ಉತ್ತರ ಸಿದ್ಧ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸಾವಿರಾರು ಜನರ ಎದುರಿನಲ್ಲಿ, ಪೊಲೀಸರ ಕಣ್ಣಿಗೆ ಬೀಳದಂತೆ ಆ ಆಯುಧವನ್ನು ಹೇಗೆ ತಂದ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಗವ್ರಿಲೊ ಪ್ರಿನ್ಸಿಪ್ ಹಿಡಿದಿದ್ದುದು ಅಂಗೈಯಷ್ಟಗಲದ, ಕೋಟಿನ ಜೇಬಿನಲ್ಲಿ ಉಬ್ಬು ಕಾಣದಂತೆ ಕೂರುವ ಪಿಸ್ತೂಲು. ಹಾರಿಸಿದ್ದು ಎರಡು ಗುಂಡು. ಒಂದು ಯುವರಾಜನ ಕುತ್ತಿಗೆಗೆ, ಇನ್ನೊಂದು ಆತನ ಪತ್ನಿ ಸೋಫಿಯ ಹೊಟ್ಟೆಗೆ ತಗುಲಿತು. ಇಂತಹ ಸಣ್ಣ ಪಿಸ್ತೂಲುಗಳ ಮತ್ತು ಅವುಗಳ ಬೋರಿನ ಆಯ್ಕೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಬಯಸುತ್ತೇನೆ. ಅಹಿಂಸೆಯ ಪಾಠ ಮಾಡಿದ ಮೇಷ್ಟ್ರಿಗೆ ಪಿಸ್ತೂಲಿನ ಗೊಡವೆ ಏಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಬೋರ್ ಎಂದರೇನು ಎಂಬುದು. ನಳಿಗೆಯ ಒಳವ್ಯಾಸವೇ ಬೋರ್. ಇಂಗ್ಲಿಷರೂ ಅಮೆರಿಕನ್ನರೂ ಅದನ್ನು ಅಂಗುಲದ ದಶಮಾಂಶದಲ್ಲಿ ಹೇಳುತ್ತಾರೆ, ಯೂರೋಪಿನವರು ಮಿಲಿಮೀಟರಿನಲ್ಲಿ. ಹೀಗಾಗಿ ಒಂದೇ ತೋಟಾಕ್ಕೆ ಎರಡು ಹೆಸರು. ಅಮೆರಿಕದಲ್ಲಿ .25 ಎನ್ನುವುದು ಬೆಲ್ಜಿಯಂನಲ್ಲಿ 6.35 ಮಿ.ಮೀ., .32 ಎನ್ನುವುದು 7.65 ಮಿ.ಮೀ., .380 ಎನ್ನುವುದು 9 ಮಿ.ಮೀ. ಶಾರ್ಟ್. ಲೆಕ್ಕದಲ್ಲಿ ಚುರುಕಾದವರು .32 ಅಂಗುಲವನ್ನು 25.4ರಿಂದ ಗುಣಿಸಿ 8.13 ಬರುತ್ತದಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಈ ಹೆಸರುಗಳು ನಿಖರವಾದ ಅಳತೆಗಳಲ್ಲ, ವ್ಯಾಪಾರದ ಹೆಸರುಗಳು. .32ರ ಗುಂಡಿನ ನಿಜವಾದ ವ್ಯಾಸ ಸುಮಾರು .312 ಅಂಗುಲ. .380ರದು .355 ಮಾತ್ರ.

ಜೇಬಿನ ಪಿಸ್ತೂಲು ಬ್ರೌನಿಂಗ್‌ನಿಂದಲೇ ಆರಂಭವಾಯಿತೆಂದಲ್ಲ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡುತ್ತಿದ್ದ ಗಿಡ್ಡ ಪಿಸ್ತೂಲಿನಿಂದಲೇ 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ ರಂಗಮಂದಿರದಲ್ಲಿ ಅಬ್ರಹಾಂ ಲಿಂಕನ್‌ರ ಹತ್ಯೆಯಾಯಿತು. ಅದು .44 ಬೋರಿನದು, ಒಂದೇ ಗುಂಡಿನದು. ಒಂದೇ ಗುಂಡಾದ್ದರಿಂದ ದೊಡ್ಡ ಗುಂಡೇ ಇರಲಿ ಎಂಬುದು ಆ ಕಾಲದ ತರ್ಕ. 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್‌ರ ಮೇಲೆ ಹಾರಿದ್ದು ಬ್ರಿಟಿಷ್ ಬುಲ್‌ಡಾಗ್ ಎಂಬ ಗಿಡ್ಡ ನಳಿಗೆಯ ರಿವಾಲ್ವರ್. ಅವರು ಸತ್ತದ್ದು ಸೆಪ್ಟೆಂಬರ್ 19ರಂದು, ಎಂದರೆ ಎರಡೂವರೆ ತಿಂಗಳ ನಂತರ. ವೈದ್ಯರು ತೊಳೆಯದ ಬೆರಳುಗಳಿಂದ ಗಾಯವನ್ನು ಕೆದಕಿ ಗುಂಡನ್ನು ಹುಡುಕಿದರು, ಸೋಂಕು ಹರಡಿತು. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಲೋಹಶೋಧಕ ಯಂತ್ರವನ್ನು ತಂದು ಹುಡುಕಿದರೂ ಗುಂಡು ಸಿಗಲಿಲ್ಲ. 1901ರ ಸೆಪ್ಟೆಂಬರ್ 6ರಂದು ಬಫಲೊ ನಗರದಲ್ಲಿ ಅಧ್ಯಕ್ಷ ಮೆಕಿನ್ಲಿಯವರಿಗೆ ತಗುಲಿದ್ದು ಕರವಸ್ತ್ರದಲ್ಲಿ ಮುಚ್ಚಿಟ್ಟಿದ್ದ .32 ರಿವಾಲ್ವರಿನ ಗುಂಡು. ಆ ಊರಿನ ವಸ್ತುಪ್ರದರ್ಶನದಲ್ಲಿ ಎಕ್ಸ್-ರೇ ಯಂತ್ರವಿತ್ತು, ಆದರೆ ಅದನ್ನು ಬಳಸಲಿಲ್ಲ. ಎಂಟು ದಿನಗಳ ನಂತರ ಕೊಳೆತ ಗಾಯದಿಂದ ಅವರು ತೀರಿಕೊಂಡರು. ಸಣ್ಣ ಗುಂಡು ಕೊಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಗುಂಡಿನಲ್ಲಿ ಮಾತ್ರವೇ ಇರುವುದಿಲ್ಲ ಎನ್ನುವುದಕ್ಕೆ ಈ ಎರಡು ಪ್ರಸಂಗಗಳು ಸಾಕು.

ಇನ್ನು ಜಾನ್ ಬ್ರೌನಿಂಗ್. 1855ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡನ್‌ನಲ್ಲಿ, ಕೋವಿ ಮಾಡುವವನ ಮಗನಾಗಿ ಹುಟ್ಟಿದ ಈತ ಬೆಲ್ಜಿಯಂನ ಲೀಜ್ ಬಳಿಯ ಹೆರ್ಸ್ಟಾಲ್‌ನಲ್ಲಿದ್ದ ಎಫ್.ಎನ್. ಕಾರ್ಖಾನೆಗೆ ಪಿಸ್ತೂಲಿನ ವಿನ್ಯಾಸಗಳನ್ನು ಮಾಡಿಕೊಟ್ಟ. 1899ರ ವೇಳೆಗೆ 7.65 ಮಿ.ಮೀ. ತೋಟಾ ಬಂತು. 1905ರಲ್ಲಿ 6.35 ಬಂತು, 1908ರಲ್ಲಿ 9 ಮಿ.ಮೀ. ಶಾರ್ಟ್. ಇಂದಿಗೂ ಜೇಬಿನ ಪಿಸ್ತೂಲನ್ನು ಕೊಳ್ಳುವವರು ಚರ್ಚಿಸುವುದು ಬಹುಪಾಲು ಈ ಮೂರರ ನಡುವೆಯೇ. ಹತ್ತು ವರ್ಷಗಳೊಳಗೆ ಒಬ್ಬನೇ ಮನುಷ್ಯ ಹಾಕಿಕೊಟ್ಟ ಚೌಕಟ್ಟು ನೂರು ವರ್ಷಕ್ಕೂ ಮಿಕ್ಕಿ ಉಳಿದಿರುವುದು ತಂತ್ರಜ್ಞಾನದ ಚರಿತ್ರೆಯಲ್ಲಿ ಅಪರೂಪವೆಂದೇ ಹೇಳಬೇಕು.

ಈ ತೋಟಾಗಳು ಏಕೆ ಚಿಕ್ಕವು ಎಂಬುದಕ್ಕೆ ಯಂತ್ರದಲ್ಲಿಯೇ ಕಾರಣವಿದೆ. ಗುಂಡು ಮುಂದಕ್ಕೆ ಹಾರಿದಾಗ ಅಷ್ಟೇ ಬಲ ಹಿಂದಕ್ಕೂ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ನೆನಪಿಸಿಕೊಳ್ಳಿ. ಆ ಒತ್ತಡದಿಂದಲೇ ಪಿಸ್ತೂಲಿನ ಮೇಲಿನ ಉಕ್ಕಿನ ಭಾಗ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ತೋಟಾವನ್ನು ನಳಿಗೆಗೆ ತಳ್ಳುತ್ತದೆ. ತೋಟಾ ಸೌಮ್ಯವಾಗಿದ್ದರೆ ಆ ಉಕ್ಕಿನ ತೂಕ ಮತ್ತು ಒಂದು ಸ್ಪ್ರಿಂಗ್ ಸಾಕು. ಪ್ರಬಲವಾದ ತೋಟಾ ಬೇಕಾದರೆ ನಳಿಗೆಯನ್ನು ಕ್ಷಣಕಾಲ ಬಂಧಿಸಿಡುವ ಬೀಗದಂತಹ ವ್ಯವಸ್ಥೆ ಬೇಕು, ಇಲ್ಲವೆ ಉಕ್ಕಿನ ತೂಕ ಹೆಚ್ಚಬೇಕು. ಆಗ ಅದು ಜೇಬಿನ ವಸ್ತುವಾಗಿ ಉಳಿಯುತ್ತಿರಲಿಲ್ಲ. ಸರಳ ಯಂತ್ರ ಹಿತವಾಗಿ ತಾಳುವ ಎಲ್ಲೆ ಹೆಚ್ಚುಕಡಿಮೆ .380.

ಶಕ್ತಿಯ ಲೆಕ್ಕವನ್ನೂ ನೋಡೋಣ. .25ರ ಗುಂಡು ಸುಮಾರು 3.2 ಗ್ರಾಂ, .32ರದು 4.6 ಗ್ರಾಂ, .380ರದು 6.2 ಗ್ರಾಂ. ನಳಿಗೆ ಬಿಡುವಾಗಿನ ವೇಗ ಕ್ರಮವಾಗಿ ಸೆಕೆಂಡಿಗೆ ಸುಮಾರು 230, 275 ಮತ್ತು 290 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 85, 175 ಮತ್ತು 260 ಜೂಲ್ ಬರುತ್ತದೆ. ಸೈನ್ಯದ 9 ಮಿ.ಮೀ. ಪ್ಯಾರಾಬೆಲಂ ತೋಟಾಕ್ಕೆ 480ರ ಆಸುಪಾಸು. ಎಂದರೆ .25ರಿಂದ .32ಕ್ಕೆ ಹೋದರೆ ಶಕ್ತಿ ಇಮ್ಮಡಿ, .380ಕ್ಕೆ ಹೋದರೆ ಮುಮ್ಮಡಿ. ತೂಕವೂ ಏರುತ್ತದೆ. 1905ರ 6.35ರ ಬ್ರೌನಿಂಗ್ ಕೇವಲ 370 ಗ್ರಾಂನಷ್ಟಿತ್ತು, ವೇಸ್ಟ್‌ಕೋಟಿನ ಜೇಬಿಗೂ ಹಿಡಿಯುತ್ತಿತ್ತು. 1900ರ 7.65ರದು 600 ಗ್ರಾಂ ಮೀರಿತ್ತು.

ಬೆಲ್ಜಿಯಂನ ಈ ಸರಕು ಎಷ್ಟು ಬೇಗ ಜಗತ್ತಿಗೆ ಹರಡಿತೆಂದರೆ ಫ್ರೆಂಚರ ಬಾಯಲ್ಲಿ ಬ್ರೌನಿಂಗ್ ಎನ್ನುವುದು ಪಿಸ್ತೂಲಿಗೆ ಪರ್ಯಾಯಪದವಾಯಿತು. 1904ರ ಜೂನ್ 16ರಂದು ಹೆಲ್ಸಿಂಕಿಯಲ್ಲಿ ಓಯ್ಗೆನ್ ಶೌಮಾನ್ ರಷ್ಯನ್ ಗವರ್ನರ್ ಜನರಲ್ ಬೊಬ್ರಿಕೊವ್‌ನನ್ನು ಕೊಂದದ್ದು ಇದರಿಂದ. 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಆನ್ ಜುಂಗ್-ಗಿಯುನ್ ಜಪಾನಿನ ಇತೊ ಹಿರೊಬುಮಿಯನ್ನು ಕೊಂದದ್ದೂ ಇದರಿಂದಲೇ. ಅದೇ ವರ್ಷ ಡಿಸೆಂಬರ್ 21ರಂದು ನಾಸಿಕದ ರಂಗಮಂದಿರದಲ್ಲಿ ಅನಂತ ಕಾನ್ಹೇರೆ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದದ್ದೂ ಲಂಡನ್ನಿನಿಂದ ಗುಟ್ಟಾಗಿ ಬಂದಿದ್ದ ಇಪ್ಪತ್ತು ಬ್ರೌನಿಂಗ್‌ಗಳಲ್ಲೊಂದರಿಂದ. 1911ರ ಜೂನ್ 17ರಂದು ಮಣಿಯಾಚಿ ನಿಲ್ದಾಣದಲ್ಲಿ ವಾಂಚಿನಾಥನ್ ಕಲೆಕ್ಟರ್ ಆಶ್‌ನನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡಾಗ ಕೈಯಲ್ಲಿದ್ದುದು ಬೆಲ್ಜಿಯಂನ ಬ್ರೌನಿಂಗ್. ಸರಯೇವೊದ ಪಿಸ್ತೂಲಿನ ಬೋರಿನ ಬಗ್ಗೆ ಮಾತ್ರ ಬಹುಕಾಲ ತಪ್ಪು ನಡೆದುಬಂತು. ಅನೇಕ ಪುಸ್ತಕಗಳು ಅದನ್ನು 7.65 ಎಂದು ಬರೆದವು. ಅದು 1910ರ ಮಾದರಿಯದು, 9 ಮಿ.ಮೀ. ಶಾರ್ಟ್. ಆ ಮಾದರಿಯಲ್ಲಿ ನಳಿಗೆಯೊಂದನ್ನು ಬದಲಿಸಿದರೆ ಎರಡು ಬೋರಿಗೂ ಆಗುತ್ತಿತ್ತು, ಗೊಂದಲ ಸಹಜವೇ. 2004ರಲ್ಲಿ ಆಸ್ಟ್ರಿಯಾದ ಜೆಸ್ಯೂಟ್ ಪಾದ್ರಿಗಳು ತಮ್ಮಲ್ಲಿದ್ದ ಆ ಪಿಸ್ತೂಲನ್ನು ವಿಯೆನ್ನಾದ ಸೇನಾ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ನಮ್ಮ ಕ್ರಾಂತಿಕಾರಿಗಳಿಗೆ ಬೋರನ್ನು ಆರಿಸುವ ಸ್ವಾತಂತ್ರ್ಯವಿರಲಿಲ್ಲ, ಸಿಕ್ಕಿದ್ದೇ ಆಯುಧ. 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಯ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನು ಹಾರಿಸಿಕೊಂಡು ಹೋದಾಗ ದೊರೆತದ್ದು ಪ್ರಬಲ ಆಯುಧವೇ. ಆದರೆ ಮೌಸರನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಡುವುದು ಸುಲಭವಲ್ಲ. ಮುಂದಿನ ಪೀಳಿಗೆಯ ಕೈಯಲ್ಲಿ ನಾವು ಕಾಣುವುದು ಕೋಲ್ಟ್ ಕಂಪನಿಯ .32, ಅದೂ ಬ್ರೌನಿಂಗ್‌ನ ವಿನ್ಯಾಸವೇ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಸಾಂಡರ್ಸ್‌ನ ಮೇಲೆ ಭಗತ್ ಸಿಂಗ್ ಹಾರಿಸಿದ .32 ಕೋಲ್ಟ್ ಬಹುಕಾಲ ಇಂದೋರಿನಲ್ಲಿರುವ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿ ಗುರುತಿಲ್ಲದೆ ಬಿದ್ದಿತ್ತು. ಈಚಿನ ವರ್ಷಗಳಲ್ಲಷ್ಟೇ ಗುರುತಿಸಲ್ಪಟ್ಟು ಪಂಜಾಬಿನ ಹುಸೇನಿವಾಲಾಕ್ಕೆ ಹೋಯಿತು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರ ಕೈಯಲ್ಲಿದ್ದ ಕೋಲ್ಟ್ ಈಗ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬಂಟಿಯಾಗಿ ಪೊಲೀಸರ ರೈಫಲುಗಳನ್ನು ಎದುರಿಸಿದ್ದು ಆ .32ರಿಂದ. ಜೇಬಿನ ಪಿಸ್ತೂಲು ಹತ್ತಿರದವನನ್ನು ಹೊಡೆಯಲು ಮಾಡಿದ್ದು. ಆ ಹೋರಾಟಕ್ಕೆ ಅದು ತಕ್ಕ ಆಯುಧವೇ ಅಲ್ಲವೆಂಬುದನ್ನು ತಿಳಿದಾಗ ಆಜಾದರ ಧೈರ್ಯ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಗಾಂಧೀಜಿಯವರ ವಿಷಯವನ್ನು ಬರೆಯುವುದು ಕಷ್ಟ. ಆದರೂ ಬಿಡುವಂತಿಲ್ಲ. 1948ರ ಜನವರಿ 20ರ ಪ್ರಯತ್ನ ವಿಫಲವಾಯಿತು. ಅಂದು ಹಂತಕರ ಬಳಿ ಇದ್ದ ಆಯುಧಗಳು ನಂಬಲರ್ಹವಾಗಿರಲಿಲ್ಲ. ಗೋಡ್ಸೆ ಮತ್ತು ಆಪ್ಟೆ ಗ್ವಾಲಿಯರಿಗೆ ಹೋಗಿ ಹುಡುಕಿದ್ದು ಕೈಕೊಡದ, ಮರೆಮಾಡಬಲ್ಲ ಪಿಸ್ತೂಲನ್ನು. ಸಿಕ್ಕಿದ್ದು ಇಟಲಿಯ ಬೆರೆಟ್ಟಾ, 1934ರ ಮಾದರಿ, ಸಂಖ್ಯೆ 606824. ಏಳು ತೋಟಾ ಹಿಡಿಯುವ ಅದರ ಉದ್ದ 15 ಸೆಂಟಿಮೀಟರು. ಬೋರ್ ಇಟಲಿಯವರು 9 ಮಿ.ಮೀ. ಕೊರ್ಟೊ ಎನ್ನುವ ಅದೇ .380. ಜನವರಿ 30ರ ಸಂಜೆ ಬಿರ್ಲಾ ಭವನದ ಪ್ರಾರ್ಥನಾ ಸಭೆಯ ದಾರಿಯಲ್ಲಿ ಮೂರು ಗುಂಡು ಹಾರಿದವು. ಪ್ರಾರ್ಥನೆಗೆ ಬರುವವರನ್ನು ಶೋಧಿಸಬೇಕೆಂಬ ಸಲಹೆಯನ್ನು ಗಾಂಧೀಜಿ ಒಪ್ಪಿರಲಿಲ್ಲ. ಮರೆಯಲ್ಲಿಡುವ ಆಯುಧದ ಬಲವೆಲ್ಲ ಎದುರಿನವನ ನಂಬಿಕೆಯನ್ನು ಅವಲಂಬಿಸಿರುತ್ತದೆ. ಬಂದವನು ಕೈಜೋಡಿಸಿದನೆಂದೇ ಅಲ್ಲಿದ್ದವರು ತಿಳಿದರು.

ಅಮೆರಿಕದಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಯೊಬ್ಬರು, ಅಲ್ಲಿ ಈ ಬೋರುಗಳ ಚರ್ಚೆ ನಮ್ಮಲ್ಲಿನ ಸ್ಕೂಟರ್ ಮೈಲೇಜಿನ ಚರ್ಚೆಯಂತೆ ನಡೆಯುತ್ತದೆಂದು ಬರೆದಿದ್ದರು. ಅಲ್ಲಿ ಮರೆಯಲ್ಲಿ ಆಯುಧ ಒಯ್ಯುವುದು ಕಾನೂನುಬದ್ಧ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಸತ್ತ ಕಾಳಗದಲ್ಲಿ ಗುಂಡೊಂದು ದುಷ್ಕರ್ಮಿಯ ಎದೆಯೊಳಗೆ ಹೋಗಿಯೂ ಹೃದಯವನ್ನು ಮುಟ್ಟಲಿಲ್ಲ. ಅಂದಿನಿಂದ ಜೆಲಟಿನ್ ಗಟ್ಟಿಯೊಳಗೆ ಗುಂಡು ಕನಿಷ್ಠ 12 ಅಂಗುಲ ಇಳಿಯಬೇಕೆಂಬ ಮಾನದಂಡ ಬಂತು. ಮೂಗು ಅರಳುವ ಗುಂಡುಗಳನ್ನು ತುಂಬಿದಾಗ .380 ಎಷ್ಟೋ ಸಲ ಅಷ್ಟು ಆಳ ಇಳಿಯುವುದಿಲ್ಲ; .25 ಮತ್ತು .32ರ ಮಾತು ದೂರವೇ. 2008ರಲ್ಲಿ ರೂಗರ್ ಕಂಪನಿಯ ಪುಟ್ಟ .380 ಬಂದು ಜನಪ್ರಿಯವಾಯಿತು. 2018ರ ನಂತರ ಅದಕ್ಕಿಂತ ಸ್ವಲ್ಪವೇ ದೊಡ್ಡದಾದ, ಹತ್ತು ತೋಟಾಗಳ 9 ಮಿ.ಮೀ. ಪಿಸ್ತೂಲುಗಳು ಬಂದು ಜೇಬಿನ ಪಿಸ್ತೂಲಿನ ಹಳೆಯ ಲೆಕ್ಕಾಚಾರವನ್ನೇ ಬುಡಮೇಲು ಮಾಡಿವೆ. ಆದರೂ ಮುಪ್ಪಿನಿಂದ ಬೆರಳುಗಳ ಬಲ ಕುಂದಿದವರು ಮೆತ್ತಗಿನ .32ಕ್ಕೇ ಮರಳುವುದುಂಟು. ಅದು ತಿಳಿವಳಿಕೆಯ ಆಯ್ಕೆಯೆಂದೇ ನನ್ನ ಅಭಿಪ್ರಾಯ. ಒದೆತ ತಾಳಲಾರದೆ ಗುರಿ ತಪ್ಪುವ ದೊಡ್ಡ ಗುಂಡು ದಾರಿಹೋಕನನ್ನು ಹುಡುಕಿಕೊಂಡು ಹೋಗುತ್ತದೆ.

ಭಾರತದಲ್ಲಿ ಈ ಆಯ್ಕೆಯನ್ನು ನಾಗರಿಕನಿಗಾಗಿ ಸರ್ಕಾರವೇ ಮಾಡಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯವಸ್ಥೆಯಲ್ಲಿ ಸೇನೆ ಮತ್ತು ಪೊಲೀಸರು ಬಳಸುವ 9 ಮಿ.ಮೀ. ಮತ್ತು .303ರಂತಹವು ನಿಷಿದ್ಧ ಬೋರುಗಳು. ಆದ್ದರಿಂದ ಪರವಾನಗಿ ಪಡೆದವರ ಪಾಲಿಗೆ ಉಳಿದದ್ದು ಮುಖ್ಯವಾಗಿ .32. ಇಲ್ಲಿ ಒಂದು ಎಚ್ಚರಿಕೆಯ ಮಾತು: ನಮ್ಮಲ್ಲಿ .32 ರಿವಾಲ್ವರಿನ ತೋಟಾ ಬೇರೆ, .32 ಪಿಸ್ತೂಲಿನ ತೋಟಾ ಬೇರೆ. ಬೋರಿನ ಹೆಸರು ಒಂದೇ ಆದರೂ ಒಂದರದು ಇನ್ನೊಂದಕ್ಕೆ ಸಲ್ಲದು. ಕಾನ್ಪುರದ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ನಿರ್ಭೀಕ್ ಎಂಬ 500 ಗ್ರಾಂ ತೂಕದ .32 ರಿವಾಲ್ವರನ್ನು ಬಿಡುಗಡೆ ಮಾಡಿದಾಗ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತು. ರಾತ್ರಿ ಬಸ್ಸಿಗೆ ಕಾಯುವ ಯಾವ ಹೆಣ್ಣುಮಗಳಿಗೆ ಇದು ಎಟುಕೀತು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಪರವಾನಗಿ, ಬೆಲೆ, ಬೋರಿನ ನಿಷೇಧ ಇವೆಲ್ಲ ಕಾನೂನನ್ನು ಪಾಲಿಸುವವರಿಗೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಕೊಂದದ್ದು ನಾಡಪಿಸ್ತೂಲು. ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ, ಶಿಕ್ಷಕರ ದಿನಾಚರಣೆಯ ಹಾರಗಳು ಇನ್ನೂ ಬಾಡಿರದ ಹೊತ್ತಿಗೆ, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಬಿದ್ದರು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ.ನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅದನ್ನು ತಿಳಿಸಿದ್ದು ಗುಂಡಿನ ಮೇಲೆ ನಳಿಗೆ ಬಿಡುವ ಗೀರುಗಳು ಮತ್ತು ಖಾಲಿ ತೋಟಾದ ಬುಡದಲ್ಲಿ ಉಳಿಯುವ ಮೊಳೆಯ ಗುರುತು. ಶಾಸನಗಳ ಅಕ್ಷರಗಳನ್ನು ಹೋಲಿಸಿ ಕಾಲ ನಿರ್ಣಯಿಸುತ್ತಿದ್ದ ವಿದ್ವಾಂಸರ ಕೊಲೆಯ ಪ್ರಕರಣದಲ್ಲಿ ಇಂತಹ ಗೀರುಗಳನ್ನು ಓದಬೇಕಾಗಿ ಬಂದದ್ದು.

ಕೊಡಗಿನವರಿಗೆ 1861ರಿಂದ ಇರುವ ಕೋವಿ ವಿನಾಯಿತಿಯ ಬಗ್ಗೆ ಮಡಿಕೇರಿಯ ನಮ್ಮ ನೆಂಟರು ಬಹಳ ದಿನಗಳಿಂದ ಬರೆಯಲು ಹೇಳುತ್ತಿದ್ದಾರೆ. ಅದು ಜೇಬಿನ ಆಯುಧವಲ್ಲ, ಹೆಗಲ ಆಯುಧ. ಅದರ ಕಥೆಯೇ ಬೇರೆ. ಮುಂದಿನ ಲೇಖನ ಅದೇ.